ಕಿರುನಾಕ್ಕೆ ಬರುವ ಮುಂಚೆ ಇಷ್ಟು ತಿಳಿದಿರಲಿ

ತಮ್ಮಾ, ಸಂಡೂರಿನ ಹುಡುಗ ಸ್ವೀಡನ್ ದೇಶದ ಉತ್ತರ ತುದಿಯ ಕಿರುನಾದ ಕಬ್ಬಿಣದ ಗಣಿಗೆ ಬರುತ್ತಿದ್ದಾನೆ ಅಂತ ಓದಿ ಖುಷಿಯಾಯಿತು. ನಾನು ಹೊಸಪೇಟೆಯವಳು, ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು. ನೀನು ಕೇಳಿದ್ದು ಮೂರು. ಚಳಿ ತಡೆಯಲು ಆಗುತ್ತಾ, ಧೂಳು ನಮ್ಮ ಕಡೆಯ ಹಾಗೇ ಇರುತ್ತಾ, ಅಲ್ಲಿಯ ಜನ ಗಣಿಯನ್ನು ಹೇಗೆ ನೋಡುತ್ತಾರೆ.

ಚಳಿ ರೂಢಿಯಾಗುತ್ತದೆ. ಕಷ್ಟ ಕತ್ತಲೆಯದು. ಡಿಸೆಂಬರ್ ನಡುವಿನಿಂದ ಹೊಸ ವರ್ಷದವರೆಗೆ ಸೂರ್ಯ ಮೇಲೆ ಬರುವುದೇ ಇಲ್ಲ. ಧೂಳಂತೂ ಸಂಡೂರಿನಷ್ಟು ಇಲ್ಲ, ಯಾಕೆಂದರೆ ಇಲ್ಲಿ ಗಣಿ ನೆಲದೊಳಗೆ, ಒಂದು ಕಿಲೋಮೀಟರಿಗಿಂತ ಜಾಸ್ತಿ ಆಳದಲ್ಲಿದೆ. ಲಾರಿ ಸಾಲೂ ಇಲ್ಲ. ಅದಿರು ರೈಲಿನಲ್ಲಿ ನಾರ್ವೆಯ ನಾರ್ವಿಕ್ ಬಂದರಿಗೆ ಹೋಗುತ್ತದೆ, ಒಂದೊಂದು ರೈಲಿಗೂ 68 ವ್ಯಾಗನ್. ಇಷ್ಟು ನೋಡಿ ನಾನೂ ಮೊದಲ ವರ್ಷ ಮನೆಗೆ ಫೋನ್ ಮಾಡಿ, ಇಲ್ಲಿ ಗಣಿಯಿಂದ ಯಾರಿಗೂ ತೊಂದರೆಯೇ ಇಲ್ಲ ಅಂದಿದ್ದೆ. ಅದು ತಪ್ಪು. ಮೂರನೇ ಪ್ರಶ್ನೆಗೆ ಉದ್ದವಾಗಿ ಬರೆಯುತ್ತಿರುವುದು ಅದಕ್ಕೇ.

ಇಲ್ಲಿಯ ಕಬ್ಬಿಣದ ಅದಿರು ನೆಟ್ಟಗೆ ಕೆಳಗಿಳಿದಿಲ್ಲ, ಊರಿನ ಕಡೆಗೆ ವಾಲಿಕೊಂಡು ಇಳಿದಿದೆ. ಅದಿರು ತೆಗೆದ ಹಾಗೆಲ್ಲ ಮೇಲಿನ ಬಂಡೆ ಕುಸಿಯುತ್ತದೆ, ಬಿರುಕು ಮೇಲಕ್ಕೆ ಬರುತ್ತದೆ. ಹಾಗಾಗಿ ಊರಿನ ನಡುಭಾಗವನ್ನೇ ಮೂರು ಕಿಲೋಮೀಟರ್ ಪೂರ್ವಕ್ಕೆ ಸಾಗಿಸಬೇಕು ಅಂತ 2004ರಲ್ಲಿ ಜನರಿಗೆ ತಿಳಿಸಿದರು. ರಾತ್ರಿ ಒಂದೂವರೆ ಹೊತ್ತಿಗೆ ಕೆಳಗೆ ಸ್ಫೋಟ ಮಾಡುತ್ತಾರೆ, ಹಳೆಯ ಮನೆಯಲ್ಲಿದ್ದಾಗ ಮಂಚ ಅದುರುವುದು ನನಗೆ ಗೊತ್ತಾಗುತ್ತಿತ್ತು. ಮೇ 2020ರಲ್ಲಂತೂ ಗಣಿಯಿಂದಲೇ 4.9 ತೀವ್ರತೆಯ ಭೂಕಂಪ ಆಯಿತು. 1912ರ ಮರದ ಚರ್ಚು, 672 ಟನ್ ತೂಕದ್ದು, ಅದನ್ನು ಇಡಿಯಾಗಿ ಎತ್ತಿ ಆಗಸ್ಟ್ 2025ರಲ್ಲಿ ಎರಡು ದಿನ ನಿಧಾನಕ್ಕೆ ಐದು ಕಿಲೋಮೀಟರ್ ಸಾಗಿಸಿದರು. ನೋಡಲು ಎಲ್ಲೆಲ್ಲಿಂದಲೋ ಜನ ಬಂದಿದ್ದರು. ಆ ಚರ್ಚಿನಲ್ಲೇ ಮದುವೆಯಾದ ನನ್ನ ಪಕ್ಕದ ಮನೆಯ ಅಜ್ಜಿ ಮಾತ್ರ ಮೊದಲ ದಿನವಿಡೀ ಏನೂ ಮಾತಾಡಲಿಲ್ಲ. ಮನೆ ಬಿಡುವ ಮಾಲೀಕರಿಗೆ ಮಾರುಕಟ್ಟೆ ಬೆಲೆಯ ಮೇಲೆ ಶೇಕಡಾ 25 ಜಾಸ್ತಿ ಕೊಡುತ್ತಾರೆ, ಅಥವಾ ಹೊಸ ಮನೆ. ಆದರೆ ಬೀದಿ, ಬೇಲಿ, ಮಕ್ಕಳು ಜಾರಿ ಆಡಿದ ದಿಬ್ಬ, ಇದಕ್ಕೆಲ್ಲ ಬೆಲೆ ಕಟ್ಟುವುದು ಹೇಗೆ?

ಇದು ಊರಿನವರ ಕಥೆ. ಊರು ಹುಟ್ಟಿದ್ದೇ ಗಣಿಯಿಂದ, 1900ರ ಸುಮಾರಿಗೆ. ಅದಕ್ಕಿಂತ ಎಷ್ಟೋ ಮುಂಚಿನಿಂದ ಇಲ್ಲಿರುವವರು, ಹಿಮಸಾರಂಗ ಸಾಕುವ ಮೂಲನಿವಾಸಿಗಳಾದ ಸಾಮಿ ಜನ. ನೀನು ನಿಜವಾಗಿ ತಿಳಿಯಬೇಕಾದದ್ದು ಅವರ ಬಗ್ಗೆ.

ಅವರ ಹಿಮಸಾರಂಗಗಳು ಬೇಸಿಗೆಯಲ್ಲಿ ಪಶ್ಚಿಮದ ಬೆಟ್ಟಗಳಲ್ಲಿರುತ್ತವೆ, ಚಳಿಗಾಲಕ್ಕೆ ಪೂರ್ವದ ಕಾಡಿಗೆ ಇಳಿಯುತ್ತವೆ. ಈ ದಾರಿ ತಲೆತಲಾಂತರದ್ದು. ಗಣಿ, ರೈಲು ಹಳಿ, ರಸ್ತೆ, ಈಗ ಹೊಸ ಊರು, ಎಲ್ಲ ಸೇರಿ ಆ ದಾರಿಯನ್ನು ಕಿರಿದು ಮಾಡುತ್ತಾ ಬಂದಿವೆ. ಜನವರಿ 2023ರಲ್ಲಿ ಸರ್ಕಾರಿ ಗಣಿ ಕಂಪನಿ ಎಲ್‌ಕೆಎಬಿ, ಪಕ್ಕದ ಪೆರ್ ಗೈಯರ್ ನಿಕ್ಷೇಪದಲ್ಲಿ ಹತ್ತು ಲಕ್ಷ ಟನ್ನಿಗಿಂತ ಹೆಚ್ಚು ಅಪರೂಪದ ಲೋಹಗಳ ಆಕ್ಸೈಡ್ ಇದೆ ಎಂದು ಹೇಳಿತು. ಗಾಳಿಯಂತ್ರಕ್ಕೂ ವಿದ್ಯುತ್ ಕಾರಿಗೂ ಈ ಲೋಹಗಳು ಬೇಕು, ಹಾಗಾಗಿ ಯುರೋಪಿಗೆ ಅದು ಸಂಭ್ರಮದ ಸುದ್ದಿ. ಆ ಜಾಗ ಬಳಸುವ ಗಾಬ್ನಾ ಸಾಮಿ ಸಮುದಾಯಕ್ಕೆ ಮಾತ್ರ, ಉಳಿದಿರುವ ದಾರಿಯೂ ಕಡಿದುಹೋಗುತ್ತದೆ ಎಂಬ ಭಯ.

ಹುಲ್ಲುಗಾವಲು ಬೇರೆ ಕಡೆ ಇಲ್ವಾ ಅಂತ ನಾನೂ ಕೇಳಿದ್ದೆ. ಚಳಿಗಾಲದಲ್ಲಿ ಈ ಪ್ರಾಣಿ ಬದುಕುವುದು ಹಿಮದಡಿಯ ಕಲ್ಲುಹೂವಿನ ಮೇಲೆ, ನಾವು ಮಸಾಲೆಗೆ ಹಾಕುತ್ತೇವಲ್ಲ, ಅದರ ಬಳಗದ್ದೇ. ಅದು ಬಹಳ ನಿಧಾನಕ್ಕೆ ಬೆಳೆಯುತ್ತದೆ. ಈಗೀಗ ಚಳಿಗಾಲದಲ್ಲೇ ಮಳೆ ಬೀಳುತ್ತದೆ, ನೀರು ಹೆಪ್ಪುಗಟ್ಟಿ ಗಟ್ಟಿ ಪದರವಾಗುತ್ತದೆ, ಗೊರಸಿನಿಂದ ಕೆರೆದರೂ ಮೇವು ಸಿಗುವುದಿಲ್ಲ. ಒಂದು ಕಡೆ ಹೀಗಾದರೆ ಇನ್ನೊಂದು ಕಡೆ ಹೋಗಬೇಕು. ಹೋಗಲು ಜಾಗ ಬೇಕಲ್ವಾ? ಗಬ್ಬದ ಸಾರಂಗಗಳು ಸದ್ದಿಗೂ ಓಡಾಟಕ್ಕೂ ಬೇಗ ಬೆದರುತ್ತವೆ, ಹಾಗಾಗಿ ಗಣಿಯ ಬೇಲಿಯ ಹೊರಗಿನ ಎಷ್ಟೋ ನೆಲವೂ ಇದ್ದೂ ಇಲ್ಲದ ಹಾಗೆ.

ಗಾಳಿಯಂತ್ರ ಬೇಕು, ವಿದ್ಯುತ್ ಕಾರು ಬೇಕು, ಒಪ್ಪುತ್ತೇನೆ. ಆದರೆ ಭೂಮಿಯನ್ನು ಬಿಸಿ ಮಾಡಿದವರು ಸಾಮಿ ಜನ ಅಲ್ಲ. ಆ ಬಿಸಿಯ ಪೆಟ್ಟೂ ಅವರಿಗೆ, ಅದರ ಮದ್ದಿಗೆ ನೆಲವೂ ಅವರದೇ ಅಂದರೆ ಅದು ಅನ್ಯಾಯ. ನನ್ನ ಮನೆಯ ಅನ್ನ ಬರುವುದೂ ಇದೇ ಗಣಿಯಿಂದ, ಆದರೂ ಇದನ್ನು ಹೇಳಲೇಬೇಕು.

ಹಾಗಂತ ಕೆಲಸ ಬೇಡ ಅಂತ ನಾನು ಹೇಳುತ್ತಿಲ್ಲ, ಬಾ. ಸಾಮಿ ಮನೆತನದವರೇ ಗಣಿಯಲ್ಲಿ ದುಡಿಯುವುದೂ ಉಂಟು, ಒಂದೇ ಮನೆಯಲ್ಲಿ ಎರಡು ಅಭಿಪ್ರಾಯ ಇರುತ್ತವೆ. ಕ್ಯಾಂಟೀನಿನಲ್ಲಿ ಯಾರಾದರೂ ಅವರನ್ನು ಹಳಿದರೆ ಸುಮ್ನೆ ತಲೆಯಾಡಿಸಬೇಡ. 'ಲ್ಯಾಪ್' ಅನ್ನುವ ಹಳೆಯ ಪದ ಅವರಿಗೆ ನೋವು ಕೊಡುತ್ತದೆ, 'ಸಾಮಿ' ಅಂತಲೇ ಕರೆ. ನಿಮ್ಮಲ್ಲಿ ಎಷ್ಟು ಸಾರಂಗ ಇವೆ ಅಂತ ಕೇಳಬೇಡ, ಬ್ಯಾಂಕಿನಲ್ಲಿ ಎಷ್ಟು ದುಡ್ಡಿದೆ ಅಂತ ಕೇಳಿದ ಹಾಗೆ ಅದು.

ಫೆಬ್ರವರಿ ಮೊದಲ ವಾರ ಯೊಕ್‌ಮೊಕ್ ಊರಿನಲ್ಲಿ ಸಂತೆ ನಡೆಯುತ್ತದೆ, 1605ರಿಂದ ಬಂದದ್ದು. ಅಷ್ಟರೊಳಗೆ ನೀನು ಬಂದಿದ್ದರೆ ನಮ್ಮ ಕಾರಿನಲ್ಲೇ ಹೋಗೋಣ. ಬೂಟು, ಜಾಕೆಟ್ ಬೆಂಗಳೂರಿನಲ್ಲಿ ಕೊಳ್ಳಬೇಡ, ಇಲ್ಲೇ ತೆಗೆದುಕೊಡುತ್ತೇನೆ.