ಸಂಪಾದಕರ ಉತ್ತರ: ನಿಲ್ದಾಣದ ಮರ, ವಾರ್ಡಿನ ಖಾಲಿ ಕುರ್ಚಿ

ಮಾನ್ಯರೇ,

ನಮ್ಮ ತುಮಕೂರಿನ ಎಸ್.ಎಸ್. ಪುರಂನಿಂದ ನೀವು ಬರೆದ ನಾಲ್ಕು ಪುಟಗಳ ಪತ್ರ ಕೈ ಸೇರಿದೆ. ಹೆಸರು ಪ್ರಕಟಿಸುವುದು ಬೇಡವೆಂದು ಕೇಳಿಕೊಂಡಿರುವುದರಿಂದ ಹೆಸರು ಹಾಕುತ್ತಿಲ್ಲ. ಆದರೆ ಉಳಿದ ಓದುಗರಿಗೆ ಈ ಉತ್ತರದ ತಲೆಬುಡ ತಿಳಿಯಬೇಕಾದರೆ ಪತ್ರದ ಸಾರವನ್ನಾದರೂ ಇಲ್ಲಿ ಹೇಳಬೇಕಾಗುತ್ತದೆ. ನಮ್ಮ ಪತ್ರಿಕೆಯ ಕೊನೆಯ ಪುಟದಲ್ಲಿ ಹಿತ್ತಿಲ ಹಕ್ಕಿಗಳ ಬಗ್ಗೆ ಬರುತ್ತಿರುವ ಟಿಪ್ಪಣಿಗಳು ನಿಮಗೆ ಬೇಸರ ತಂದಿವೆ. "ಬಡಾವಣೆಗೆ ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ, ವಾರ್ಡಿಗೆ ಹೇಳುವವರು ಕೇಳುವವರಿಲ್ಲ, ಇಂಥ ಹೊತ್ತಿನಲ್ಲಿ ಹಕ್ಕಿಗಳಿಗೆ ಒಂದು ಪುಟ ಕೊಟ್ಟರೆ ಹೇಗೆ?" ಎಂದು ಕೇಳಿದ್ದೀರಿ. ಗುಬ್ಬಚ್ಚಿಗಳು ಕಾಣೆಯಾದದ್ದು ಮೊಬೈಲ್ ಟವರ್‌ಗಳಿಂದ, ಅದನ್ನು ಬರೆಯುವ ಧೈರ್ಯ ನಮಗಿಲ್ಲ ಎಂದೂ ದೂರಿದ್ದೀರಿ. ಪತ್ರದ ಕಡೆಯಲ್ಲಿ, ಬೇರೆ ಪೆನ್ನಿನಲ್ಲಿ ಆಮೇಲೆ ಸೇರಿಸಿದಂತೆ ಕಾಣುವ ನಾಲ್ಕು ಸಾಲುಗಳಿವೆ. ನಿಮ್ಮ ರಸ್ತೆಯ ತುದಿಯಲ್ಲಿ ಬಸ್ ನಿಲ್ಲುವ ಕಡೆ ಇದ್ದ ಗುಲ್‌ಮೊಹರ್ ಮರದ ಕೊಂಬೆಗಳನ್ನು ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಯಾರೋ ಬಂದು ಬೋಳಿಸಿ ಹೋದರೆಂದೂ, ಯಾರು ಕಡಿಸಿದ್ದೆಂದು ಎರಡು ಕಚೇರಿಗಳಲ್ಲಿ ವಿಚಾರಿಸಿದಾಗ ಇವರು ಅವರತ್ತ, ಅವರು ಇವರತ್ತ ಕೈ ತೋರಿಸಿದರೆಂದೂ, ಈಗ ಮಧ್ಯಾಹ್ನದ ಬಸ್ಸಿಗೆ ಕಾಯುವ ಹೆಂಗಸರು ಎದುರಿನ ಅಂಗಡಿಯ ಮುಚ್ಚಿದ ಶಟರಿಗೆ ಒರಗಿ ನಿಲ್ಲುತ್ತಾರೆಂದೂ ಬರೆದಿದ್ದೀರಿ.

ನನ್ನ ಉತ್ತರ ಮುಖ್ಯವಾಗಿ ಆ ನಾಲ್ಕು ಸಾಲುಗಳಿಗೆ. ಹಕ್ಕಿಯ ವಿಷಯ ಬೇರೆ, ಬಸ್ಸಿನ ವಿಷಯ ಬೇರೆ, ಪಾಲಿಕೆಯ ವಿಷಯ ಬೇರೆ ಎಂದು ಪತ್ರದ ಉಳಿದ ಪುಟಗಳಲ್ಲಿ ನೀವು ವಿಂಗಡಿಸಿ ಇಟ್ಟಿದ್ದೀರಿ. ಆ ಮೂರೂ ಆ ಒಂದು ಮರದ ಬುಡದಲ್ಲಿ ಒಟ್ಟಿಗೇ ಇವೆ ಎಂಬುದು ನನ್ನ ವಾದ.

ಗುಬ್ಬಚ್ಚಿಯ ಮಾತನ್ನು ಮೊದಲು ಮುಗಿಸುತ್ತೇನೆ. ದೇಶದಾದ್ಯಂತ ಹಕ್ಕಿ ವೀಕ್ಷಕರು ದಾಖಲಿಸಿದ ಪಟ್ಟಿಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯ ಪ್ರಕಾರ, ಅದಕ್ಕೆ ಹಿಂದಿನ ಇಪ್ಪತ್ತೈದು ವರ್ಷಗಳಲ್ಲಿ ಒಟ್ಟಾರೆ ದೇಶದಲ್ಲಿ ಗುಬ್ಬಚ್ಚಿಗಳ ಸಂಖ್ಯೆ ಹೆಚ್ಚುಕಡಿಮೆ ಹಾಗೆಯೇ ಉಳಿದಿದೆ. ಇಳಿಮುಖವಾಗಿರುವುದು ಬೆಂಗಳೂರೂ ಸೇರಿದಂತೆ ದೊಡ್ಡ ಮಹಾನಗರಗಳಲ್ಲಿ. ಟವರ್‌ಗಳ ವಿಕಿರಣದಿಂದ ಹೀಗಾಯಿತೆನ್ನಲು ಗಟ್ಟಿಯಾದ ಆಧಾರ ಆ ವರದಿಗೆ ಸಿಕ್ಕಿಲ್ಲ. ಮರಿಗಳಿಗೆ ಉಣಿಸಲು ಬೇಕಾದ ಹುಳುಹುಪ್ಪಟೆಗಳ ಕೊರತೆ ಮತ್ತು ಗೂಡು ಕಟ್ಟಲು ಸಂದಿಗೊಂದಿಗಳಿಲ್ಲದಿರುವುದು ಹೆಚ್ಚು ಸಂಭವನೀಯ ಕಾರಣಗಳೆಂದು ಅದು ಹೇಳುತ್ತದೆ. ನಮ್ಮ ಊರಿನಲ್ಲೇ ನೋಡಿ. ಮಂಡಿಪೇಟೆ, ಚಿಕ್ಕಪೇಟೆಗಳ ಹಳೆಯ ಹೆಂಚಿನ ಸೂರುಗಳಲ್ಲಿ, ದವಸದ ಅಂಗಡಿಗಳ ಮುಂದೆ ಗುಬ್ಬಚ್ಚಿಗಳು ಇನ್ನೂ ಕಾಳು ಹೆಕ್ಕುತ್ತವೆ. ಕಾಂಪೌಂಡಿನ ಒಳಗೆಲ್ಲ ಟೈಲ್ಸ್ ಹಾಕಿಸಿದ, ಸೂರೇ ಇಲ್ಲದ ಹೊಸ ಬಡಾವಣೆಯ ಮನೆಗಳಲ್ಲಿ ಅವು ಇರುವುದಿಲ್ಲ. ಟವರ್ ಎರಡೂ ಕಡೆ ಇದೆ. ಆಧಾರ ಸಿಗದ ಮಾತನ್ನು ಧೈರ್ಯದ ಹೆಸರಿನಲ್ಲಿ ಅಚ್ಚು ಮಾಡುವುದು ಓದುಗರಿಗೆ ಮಾಡುವ ಅನ್ಯಾಯ ಎಂದು ನಾನು ನಂಬಿದ್ದೇನೆ.

ಈಗ ನಿಮ್ಮ ಮರಕ್ಕೆ ಬರುತ್ತೇನೆ. ಬೇಸಿಗೆಯ ಮಧ್ಯಾಹ್ನಗಳಲ್ಲಿ, ಬೀದಿಯಲ್ಲಿ ಮತ್ತಾವ ಸದ್ದೂ ಇಲ್ಲದಾಗ, ಒಂದೇ ಲಯದಲ್ಲಿ ಟುಕ್, ಟುಕ್, ಟುಕ್ ಎಂದು ಬಹಳ ಹೊತ್ತು ಕೇಳುವ ದನಿಯನ್ನು ನೀವು ಕೇಳಿಯೇ ಇರುತ್ತೀರಿ. ಅದು ಕಂಚುಗಾರ ಹಕ್ಕಿ. ಗುಬ್ಬಚ್ಚಿಗಿಂತ ತುಸು ದಪ್ಪ, ಹಸಿರು ಮೈ, ಹಣೆಯ ಮೇಲೊಂದು, ಎದೆಯ ಮೇಲೊಂದು ಕೆಂಪು ಮಚ್ಚೆ, ಹಳದಿ ಗಂಟಲು. ಆಲ, ಅರಳಿ, ಅತ್ತಿ, ಗೋಣಿಯ ಹಣ್ಣು ಅದರ ಆಹಾರ. ಅದು ಕಡ್ಡಿ ಕೂಡಿಸಿ ಗೂಡು ಕಟ್ಟುವುದಿಲ್ಲ. ಒಣಗಿದ, ಮೆತ್ತಗಾದ ಕೊಂಬೆಯನ್ನು ಕೊಕ್ಕಿನಿಂದ ಕೊರೆದು ಪೊಟರೆ ಮಾಡಿಕೊಳ್ಳುತ್ತದೆ. ನುಗ್ಗೆ, ಗುಲ್‌ಮೊಹರ್‌ನಂಥ ಮೆದು ಮರಗಳೆಂದರೆ ಅದಕ್ಕೆ ಬಲು ಅನುಕೂಲ. ನಮ್ಮ ಕಚೇರಿಯ ಹಿಂದಿನ ನುಗ್ಗೆಮರದಲ್ಲಿ ಈ ವರ್ಷ ಒಂದು ಜೋಡಿ ಈ ಕೆಲಸಕ್ಕೆ ತೊಡಗಿತ್ತು. ರಂಧ್ರ ಕೊಂಬೆಯ ಅಡಿಭಾಗದಲ್ಲಿ, ನೆಲದತ್ತ ಮುಖ ಮಾಡಿ, ಮಳೆ ಬಂದರೂ ನೀರು ಒಳಗೆ ಇಳಿಯದ ಹಾಗಿತ್ತು. ಒಂದು ಹಕ್ಕಿ ಒಳಗೆ ತಲೆ ಹಾಕಿ ಕೊರೆಯುವುದು, ಕೊಕ್ಕಿನ ತುಂಬ ಮರದ ಪುಡಿ ತಂದು ಉದುರಿಸುವುದು, ಅದು ಹಾರಿದೊಡನೆ ಇನ್ನೊಂದು ಬಂದು ಅದೇ ಕೆಲಸ ಮುಂದುವರಿಸುವುದು. ಕೆಳಗೆ ನಿಲ್ಲಿಸಿದ್ದ ಸ್ಕೂಟರಿನ ಸೀಟಿನ ಮೇಲೆ ಬಿದ್ದ ಹೊಟ್ಟನ್ನು ನೋಡಿಯೇ ನಮ್ಮ ಅಕ್ಷರ ಜೋಡಣೆಯ ಹುಡುಗ ತಲೆಯೆತ್ತಿ ರಂಧ್ರವನ್ನು ಪತ್ತೆ ಮಾಡಿದ್ದು.

ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಈ ಹಕ್ಕಿ ನಮ್ಮ ಕಡೆ ಹೆಚ್ಚಾಗಿ ಮರಿ ಮಾಡುವುದು ಫೆಬ್ರವರಿಯಿಂದ ಬೇಸಿಗೆಯ ಕೊನೆಯವರೆಗೆ. ಮುಂಗಾರಿನ ಮುಂಚಿನ ಗಾಳಿಮಳೆಗೆ ಕೊಂಬೆ ಮುರಿದು ತಂತಿಯ ಮೇಲೆ ಬೀಳದಿರಲೆಂದು ಊರಿನ ಮರಗಳನ್ನು ಬೋಳಿಸುವುದೂ ಇದೇ ಮಾರ್ಚ್, ಏಪ್ರಿಲ್‌ನಲ್ಲಿ. ಕಡಿಯುವವರು ಮೊದಲು ಕೈ ಹಾಕುವುದು ಒಣ ಕೊಂಬೆಗೆ. ಕಾಗೆಗಳೂ ಆಗಲೇ ಗೂಡು ಕಟ್ಟುತ್ತಿರುತ್ತವೆ, ಕೋಗಿಲೆ ಆ ಗೂಡಿನಲ್ಲಿ ಮೊಟ್ಟೆಯಿಡಲು ಹೊಂಚು ಹಾಕುತ್ತಿರುತ್ತದೆ. ನೆರಳು ಎಲ್ಲರಿಗೂ ಅತಿ ಅಗತ್ಯವಾಗಿರುವ, ಬಿಸಿಲು ಮೂವತ್ತಾರು, ಮೂವತ್ತೇಳು ಡಿಗ್ರಿ ಮುಟ್ಟುವ ತಿಂಗಳಿನಲ್ಲೇ ಕೊಡಲಿ ಬೀಳುತ್ತದೆ. ಇದೇ ಕೆಲಸವನ್ನು ಮಳೆಗಾಲ ಮುಗಿದ ಮೇಲೆ, ನವೆಂಬರ್, ಡಿಸೆಂಬರ್‌ನಲ್ಲಿ ಮಾಡಿದರೆ ತಂತಿಯೂ ಸುರಕ್ಷಿತ, ಬೇಸಿಗೆಯ ಹೊತ್ತಿಗೆ ಮರವೂ ಚಿಗುರಿ ನೆರಳು ಕೊಡುತ್ತದೆ. ತಂತಿಗೆ ತಾಗದ ಒಣ ಕೊಂಬೆಯ ಮೋಟನ್ನು ಹಾಗೆಯೇ ಬಿಟ್ಟರೆ ಯಾರಿಗೂ ನಷ್ಟವಿಲ್ಲ. ಇದಕ್ಕೆ ಹಣ ಬೇಡ, ಯೋಜನೆ ಬೇಡ. ಕೆಲಸದ ತಿಂಗಳನ್ನು ಬದಲಿಸುವ ಒಂದು ತೀರ್ಮಾನ ಸಾಕು. ಆದರೆ ಇಂಥ ತೀರ್ಮಾನ ಆಗಬೇಕಾದರೆ, ಯಾವ ಮರದಲ್ಲಿ ಯಾವ ತಿಂಗಳು ಏನು ನಡೆಯುತ್ತದೆಂದು ಊರಿನವರು ನೋಡಿ ಬರೆದಿಟ್ಟಿರಬೇಕು. ಕೊನೆಯ ಪುಟದ ಟಿಪ್ಪಣಿಗಳನ್ನು ನಾನು ಹಟ ಹಿಡಿದು ಮುಂದುವರಿಸಿರುವುದು ಇದಕ್ಕೇ.

ಬಸ್ಸಿನ ವಿಷಯದಲ್ಲಿ ನಿಮ್ಮೊಡನೆ ನನಗೆ ಜಗಳವಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಸರ್ಕಾರಿ ಬಸ್ಸಿಗಾಗಿ ಕಾಯುವ ಹೆಂಗಸರ ಸಂಖ್ಯೆ ಎಷ್ಟು ಹೆಚ್ಚಿದೆ ಎಂಬುದು ಕ್ಯಾತ್ಸಂದ್ರ, ಬಟವಾಡಿ, ಶಿರಾ ಗೇಟ್, ಗುಬ್ಬಿ ಗೇಟ್‌ಗಳಲ್ಲಿ ಸಂಜೆ ಹತ್ತು ನಿಮಿಷ ನಿಂತ ಯಾರಿಗೂ ಗೊತ್ತು. ಮೊದಲು ಆಟೋದ ಬಾಡಿಗೆಗೆ ಹೆದರಿ ಮನೆಯಲ್ಲೇ ಉಳಿಯುತ್ತಿದ್ದವರು, ಅಥವಾ ನಡೆದೇ ಹೋಗುತ್ತಿದ್ದವರು, ಈಗ ಬಸ್ಸಿಗೆ ನಿಲ್ಲುತ್ತಾರೆ. ಹಾಗೆ ನಿಲ್ಲುವವರು ಎಲ್ಲಿ ನಿಲ್ಲುತ್ತಾರೆ ನೋಡಿ: ತಗಡಿನ ತಂಗುದಾಣ ಕಾಯ್ದು ಕೆಂಪಾಗಿರುತ್ತದೆ, ಅದರ ಬೆಂಚಿನ ಅರ್ಧಕ್ಕೆ ಬಿಸಿಲು ಬಿದ್ದಿರುತ್ತದೆ; ಜನ ನಾಲ್ಕು ಹೆಜ್ಜೆ ಆಚೆಗಿರುವ ಹೊಂಗೆಯ ನೆರಳಿಗೆ ಸರಿದಿರುತ್ತಾರೆ; ಚಾಲಕರೂ ಅದನ್ನರಿತು ಬಸ್ಸನ್ನು ಮರದ ನೇರಕ್ಕೇ ನಿಲ್ಲಿಸುತ್ತಾರೆ. ನಮ್ಮ ಊರಿನ ಬಹುಪಾಲು ನಿಲುಗಡೆಗಳಲ್ಲಿ ಮರವೇ ತಂಗುದಾಣ. ಅದರ ಕೊಂಬೆ ಕಡಿದವರು ಹಕ್ಕಿಯ ಪೊಟರೆಯನ್ನು ಕಡಿದಂತೆಯೇ ಸಾರ್ವಜನಿಕ ಸಾರಿಗೆಯ ಒಂದು ಭಾಗವನ್ನೂ ಕಡಿದಿದ್ದಾರೆ. ಬಸ್ಸುಗಳ ವೇಳೆಯ ಬಗ್ಗೆ, ಅದರಲ್ಲೂ ದಿನಾಲೂ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬರುವವರಿಗೆ ರಾತ್ರಿ ನಿಲ್ದಾಣದಿಂದ ಮನೆ ಸೇರಲು ಬಸ್ಸು ಸಿಗದಿರುವ ಬಗ್ಗೆ ನೀವು ಬರೆದದ್ದನ್ನು ಪ್ರತ್ಯೇಕ ಲೇಖನವಾಗಿಯೇ ಬರೆಸುತ್ತೇವೆ; ಇಲ್ಲಿ ಎರಡು ಮಾತಿನಲ್ಲಿ ಮುಗಿಸುವ ವಿಷಯ ಅದಲ್ಲ.

ಕಡಿಯುವ ಮುನ್ನ ಅನುಮತಿ ಬೇಕೇ ಎಂದು ಕೇಳಿದ್ದೀರಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಮರ ಕಡಿಯುವುದೆಂದರೆ ಬುಡ ಕಡಿಯುವುದೆಂದಷ್ಟೇ ಹೇಳುವುದಿಲ್ಲ. ಕೊಂಬೆ ಸವರುವುದು, ತಲೆ ಬೋಳಿಸುವುದು, ತೊಗಟೆ ಸುಲಿಯುವುದು, ಸುಡುವುದು, ಬೇರಾವ ರೀತಿಯಲ್ಲಾದರೂ ಮರಕ್ಕೆ ಹಾನಿ ಮಾಡುವುದು ಎಲ್ಲವೂ ಆ ವ್ಯಾಖ್ಯೆಯೊಳಗೆ ಬರುತ್ತವೆ. ತೆಂಗು, ಸಿಲ್ವರ್ ಓಕ್, ನೀಲಗಿರಿಯಂಥ ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟರೆ ಉಳಿದವಕ್ಕೆ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಮರ ಸತ್ತಿದ್ದರೆ, ರೋಗ ಹಿಡಿದಿದ್ದರೆ, ಜೀವಕ್ಕೋ ಆಸ್ತಿಗೋ ಅಪಾಯ ತರುವಂತಿದ್ದರೆ ಅನುಮತಿ ನಿರಾಕರಿಸುವಂತಿಲ್ಲವೆಂದೂ ಕಾಯ್ದೆ ಹೇಳುತ್ತದೆ. ಆದರೆ ನಿರಾಕರಿಸುವಂತಿಲ್ಲ ಎಂದರೆ ಕೇಳಲೇಬೇಕಿಲ್ಲ ಎಂದು ಅರ್ಥವಲ್ಲ. ತಂತಿಗೆ ಅಡ್ಡಿಯಾಗುವ ಮರಗಳನ್ನು ತೆಗೆಸಲು 2003ರ ವಿದ್ಯುತ್ ಕಾಯ್ದೆಯಲ್ಲೂ ಅವಕಾಶವಿದೆ. ಅದಕ್ಕೂ ಅಧಿಕಾರವುಳ್ಳವರ ಆದೇಶ ಇರಬೇಕು. ಯಾವ ದಾರಿಯಲ್ಲಿ ಹೋದರೂ ಎಲ್ಲೋ ಒಂದು ಕಡೆ ಒಂದು ಕಾಗದ, ಅದರ ಮೇಲೊಂದು ಸಹಿ, ಒಂದು ದಿನಾಂಕ ಇರಬೇಕಾಯಿತು. ಆ ಕಾಗದ ಇದ್ದರೆ ತೋರಿಸಲಿ. ಇಲ್ಲವಾದರೆ ಇಲ್ಲವೆಂದು ಲಿಖಿತವಾಗಿ ಹೇಳಲಿ.

ಯಾರನ್ನು ಕೇಳುವುದು ಎಂಬಲ್ಲಿಗೆ ನಿಮ್ಮ ಅಸಲು ದೂರು ಬಂದು ನಿಲ್ಲುತ್ತದೆ, ಮತ್ತು ಅದು ನ್ಯಾಯವಾದ ದೂರು. ನಮ್ಮ ಮಹಾನಗರ ಪಾಲಿಕೆಯ 35 ವಾರ್ಡುಗಳಿಗೆ 2018ರಲ್ಲಿ ಚುನಾವಣೆ ನಡೆದಿತ್ತು. ಆ ಸದಸ್ಯರ ಅವಧಿ 2024ರ ಆರಂಭದಲ್ಲಿ ಮುಗಿದು, ಪಾಲಿಕೆ ಆಡಳಿತಾಧಿಕಾರಿಯ ಕೈಗೆ ಹೋಯಿತು. ಪಾಲಿಕೆಯ ಅವಧಿ ಅದರ ಮೊದಲ ಸಭೆಯಿಂದ ಐದು ವರ್ಷ, ಅದು ಮುಗಿಯುವುದರೊಳಗೆ ಚುನಾವಣೆ ನಡೆದಿರಬೇಕು ಎಂದು ಸಂವಿಧಾನದ 243-ಯು ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಈ ಗಡುವನ್ನು ಪಾಲಿಸಲೇಬೇಕೆಂದು 2006ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಹೇಳಿದೆ. ಅಧಿಕಾರಿಗಳು ಕೆಲಸ ಮಾಡುವುದಿಲ್ಲವೆಂದು ನಾನು ಹೇಳುತ್ತಿಲ್ಲ; ಅವರಲ್ಲಿ ಶ್ರದ್ಧೆಯಿಂದ ದುಡಿಯುವವರನ್ನು ನಾನು ಬಲ್ಲೆ. ಆದರೆ ಅಧಿಕಾರಿಗೆ ನಿಮ್ಮ ಅಡ್ಡರಸ್ತೆಯ ಮತ ಬೇಕಿಲ್ಲ. ಕಾರ್ಪೊರೇಟರ್ ಎಂಥವರೇ ಆಗಿರಲಿ, ಬೆಳಿಗ್ಗೆ ಏಳಕ್ಕೆ ಅವರ ಮನೆ ಬಾಗಿಲಿಗೆ ನಾಲ್ಕು ಜನ ಹೋಗಿ ನಿಂತರೆ ಹೊರಗೆ ಬಂದು ಮುಖ ತೋರಿಸಲೇಬೇಕಿತ್ತು, ಕಡಿಸಿದವರು ಯಾರೆಂದು ಫೋನು ಮಾಡಿ ಕೇಳಲೇಬೇಕಿತ್ತು. ಆ ಕುರ್ಚಿ ಖಾಲಿಯಾದಾಗ ಬೀದಿಯ ಸಣ್ಣ ಸಂಗತಿಗಳು ಮೊದಲು ಅನಾಥವಾಗುತ್ತವೆ. ದೊಡ್ಡ ಕಾಮಗಾರಿಗಳಿಗೆ ಗುತ್ತಿಗೆದಾರರಿರುತ್ತಾರೆ, ಅವಕ್ಕೆ ತಡವಾದರೂ ವಾರಸುದಾರರು ಸಿಗುತ್ತಾರೆ. ಮರದ ಕೊಂಬೆ, ಕಸದ ಆಟೋ ಬಾರದ ದಿನ, ಉರಿಯದ ಬೀದಿದೀಪ, ಚರಂಡಿಯ ಒಡೆದ ಕಲ್ಲು, ಇವಕ್ಕೆ ವಾರ್ಡಿನ ಸದಸ್ಯರೇ ದಿಕ್ಕು. ಮೂರು ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರದಲ್ಲಿ ವಾರ್ಡ್ ಸಮಿತಿಗಳು ಇರಬೇಕೆಂದು ಸಂವಿಧಾನದ 243-ಎಸ್ ವಿಧಿ ಹೇಳುತ್ತದೆ. 2011ರ ಜನಗಣತಿಯಲ್ಲೇ ತುಮಕೂರು ಆ ಗಡಿ ದಾಟಿದೆ. ನಿಮ್ಮ ಮರದ ವಿಷಯವನ್ನು ಮೇಜಿನ ಮೇಲಿಟ್ಟು ಮಾತಾಡಬೇಕಾದ ಜಾಗ ಅಂಥ ಸಮಿತಿ.

ಜನ ತಾವೇ ಮುಂದೆ ನಿಂತರೆ ಎಷ್ಟು ಆದೀತೆಂದು ಕೇಳುವವರಿಗೆ ನಾನು ಶಿರಾ ತಾಲ್ಲೂಕಿನ ಕಗ್ಗಲಡು ತೋರಿಸುತ್ತೇನೆ. ಊರ ನಡುವಿನ ಹುಣಸೆ ಮರಗಳಲ್ಲಿ ವರ್ಷವರ್ಷವೂ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಗೂಡು ಕಟ್ಟಿ ಮರಿ ಮಾಡುತ್ತವೆ. ಮನೆಯಂಗಳಕ್ಕೆ ಬೀಳುವ ಹಿಕ್ಕೆ, ಅದರ ವಾಸನೆ ಎಲ್ಲವನ್ನೂ ಸಹಿಸಿಕೊಂಡು ಅವನ್ನು ಕಾಯುತ್ತ ಬಂದವರು ಆ ಊರಿನವರೇ. ಆದರೆ ನಗರದ ರಸ್ತೆಬದಿಯ ಮರ ಹಾಗಲ್ಲ. ಅದು ಯಾರ ಹಿತ್ತಿಲೂ ಅಲ್ಲ. ಅದರ ಮೇಲೆ ಮೂರ್ನಾಲ್ಕು ಇಲಾಖೆಗಳ ಕೈ ಇದೆ. ಆದ್ದರಿಂದ ಕಗ್ಗಲಡುವಿನವರ ಒಳ್ಳೆಯತನದ ಜೊತೆಗೆ ನಮಗೆ ಅರ್ಜಿಯೂ ಬೇಕು, ಸ್ವೀಕೃತಿಯೂ ಬೇಕು.

ಹಾಗಾಗಿ ನನ್ನ ಕೋರಿಕೆ ಇದು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಒಂದು ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಅದು 150 ಪದಗಳೊಳಗೆ ಮುಗಿಯಬೇಕು. ಆದ್ದರಿಂದ ಬಸ್ಸನ್ನೂ ಚರಂಡಿಯನ್ನೂ ಇದರಲ್ಲಿ ಸೇರಿಸಬೇಡಿ. ಯಾವ ದಿನ, ಯಾವ ರಸ್ತೆ, ಯಾವ ಮರ, ಕಡಿಯಲು ಆದೇಶ ಕೊಟ್ಟವರು ಯಾರು, ಅನುಮತಿ ಪತ್ರದ ನಕಲು ಕೊಡಿ, ಇಷ್ಟನ್ನೇ ಕೇಳಿ. ನೀವು ಹೋಗಿದ್ದ ಎರಡೂ ಕಚೇರಿಗಳಿಗೆ ಬೇರೆ ಬೇರೆಯಾಗಿ ಕೊಟ್ಟು, ಎರಡರಲ್ಲೂ ಮೊಹರು ಹಾಕಿದ ಸ್ವೀಕೃತಿ ಪಡೆಯಿರಿ. ಮೂವತ್ತು ದಿನಗಳೊಳಗೆ ಉತ್ತರ ಕೊಡಬೇಕಾದದ್ದು ಅವರ ಕರ್ತವ್ಯ. ಆ ಅವಧಿಯಲ್ಲಿ ಮರ ಚಿಗುರುತ್ತಿದೆಯೇ, ಕಡಿದ ಜಾಗದಲ್ಲಿ ಕೊಳೆಯುತ್ತಿದೆಯೇ, ಮಧ್ಯಾಹ್ನ ಎಷ್ಟು ಜನ ಎಲ್ಲಿ ನಿಲ್ಲುತ್ತಾರೆ, ಪೊಟರೆ ಕಳೆದುಕೊಂಡ ಹಕ್ಕಿಗಳು ಆ ಬೀದಿಯ ಬೇರೆ ಮರಕ್ಕೆ ಬಂದಿವೆಯೇ ಎಂಬುದನ್ನು ದಿನಾಂಕದೊಡನೆ ಬರೆದಿಡಿ. ಮರದ ಬುಡದವರೆಗೂ ಕಾಂಕ್ರೀಟು ಹಾಕಿದ್ದಾರೆಯೇ ಎಂಬುದನ್ನೂ ದಯವಿಟ್ಟು ನೋಡಿ. ಪತ್ರದಲ್ಲಿ ಅದರ ಪ್ರಸ್ತಾಪವಿಲ್ಲ, ಬುಡಕ್ಕೆ ನೀರಿಳಿಯದಿದ್ದರೆ ಬೋಳಿಸಿದ ಮರ ಚೇತರಿಸಿಕೊಳ್ಳುವುದು ಕಷ್ಟ.

ಅರ್ಜಿಯ ನಕಲನ್ನೂ ಕಚೇರಿಗಳ ಉತ್ತರವನ್ನೂ ನಮಗೆ ಕಳುಹಿಸಿಕೊಡಿ. ನೀವು ಬೇಡವೆಂದ ಅದೇ ಕೊನೆಯ ಪುಟದಲ್ಲಿ, ಒಂದು ಪದವನ್ನೂ ಬಿಡದೆ ಅಚ್ಚು ಹಾಕುತ್ತೇವೆ. ಉತ್ತರ ಬಾರದಿದ್ದರೆ ಬರಲಿಲ್ಲವೆಂಬುದನ್ನು ಕಚೇರಿಯ ಹೆಸರು, ಸ್ವೀಕೃತಿಯ ದಿನಾಂಕಗಳ ಸಮೇತ ಪ್ರಕಟಿಸಿ, ಮೇಲ್ಮನವಿಗೆ ನಾವೂ ನಿಮ್ಮ ಜೊತೆ ಬರುತ್ತೇವೆ.

ಇಂತಿ ನಮಸ್ಕಾರಗಳೊಂದಿಗೆ,
ಸಂಪಾದಕ