ನಾಲ್ಕು ನಿಮಿಷದ ಮಾತು, ಮೂರು ವರ್ಷದ ಟಿಕೆಟ್

ಓದುಗರ ಪ್ರಶ್ನೆಗಳಿಗೆ ಕಲಬುರಗಿಯ ನಿವೃತ್ತ ಕನ್ನಡ ಅಧ್ಯಾಪಕಿಯ ಉತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ಯಾದಗಿರಿಯ ಕಾಲೇಜೊಂದರಲ್ಲಿ ಬಿ.ಎ. ಮುಗಿಸುತ್ತಿದ್ದೇನೆ. ಊರು ಶಹಾಪುರ ತಾಲ್ಲೂಕಿನ ಒಂದು ಹಳ್ಳಿ. ಮುಂದಿನ ತಿಂಗಳು ನಮ್ಮ ಪದವಿ ಪ್ರದಾನ ಸಮಾರಂಭ. ವಿದ್ಯಾರ್ಥಿಗಳ ಪರವಾಗಿ ನಾಲ್ಕು ನಿಮಿಷ ಮಾತನಾಡು ಎಂದು ಪ್ರಾಂಶುಪಾಲರು ಹೇಳಿದ್ದಾರೆ. ನಾನು ಬರೆದದ್ದು ಆರು ಪುಟವಾಗಿದೆ. ಅಣ್ಣ ಮೊಬೈಲಿನಿಂದ ಒಂದು ಭಾಷಣ ತೆಗೆದುಕೊಟ್ಟಿದ್ದಾನೆ, ಅದೇ ನನ್ನದಕ್ಕಿಂತ ಚೆನ್ನಾಗಿದೆ ಅನ್ನಿಸುತ್ತದೆ. ನಮ್ಮ ಕಡೆಯ ಮಾತು ಬಾಯಿಗೆ ಬಂದರೆ ನಗುತ್ತಾರೇನೋ ಎಂಬ ಹೆದರಿಕೆ ಬೇರೆ. ಕೈ ನಡುಗುತ್ತದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅಪ್ಪ ಬರುತ್ತಾರೆ. ಎರಡೂ ಭಾಷಣಗಳನ್ನು ಇದರ ಜೊತೆ ಕಳಿಸಿದ್ದೇನೆ. ಒಳಗೆ ಬಸ್ ಟಿಕೆಟ್ ಏನಾದರೂ ಬಂದಿದ್ದರೆ ಕ್ಷಮಿಸಿ, ನನ್ನ ಎಲ್ಲ ಪುಸ್ತಕಗಳಲ್ಲೂ ಪುಟದ ಗುರುತಿಗೆ ಅವೇ ಇವೆ.

ಉತ್ತರ: ಟಿಕೆಟ್ ಬಂದಿದೆ, ತಂಗಿ. (ನೀನು ಎಂದೇ ಬರೆಯುತ್ತೇನೆ. ಮೂವತ್ತೊಂದು ವರ್ಷ ಪಾಠ ಹೇಳಿದ ಬಾಯಿಗೆ ಬಹುವಚನ ಬೇಗ ಬರುವುದಿಲ್ಲ.) ಮೂರನೆಯ ಪುಟದ ಮಡಿಕೆಯಲ್ಲಿ ಸಿಕ್ಕಿಕೊಂಡಿತ್ತು. ಮಸಿ ಮಾಸಿ ಊರಿನ ಹೆಸರು ಅರ್ಧ ಅಳಿಸಿದೆ, ದರದ ಜಾಗದ ಸೊನ್ನೆ ಮಾತ್ರ ಇನ್ನೂ ಕಾಣುತ್ತದೆ. ಹಿಂದೆ ಪೆನ್ಸಿಲಿನಲ್ಲಿ ‘ಇಲ್ಲಿಯವರೆಗೆ ಆಯಿತು’ ಎಂದು ಬರೆದಿದ್ದೀಯ. ಓಡುವ ಬಸ್ಸಿನಲ್ಲಿ ಬರೆದಿರಬೇಕು, ‘ಆಯಿತು’ ಎಂಬುದು ಟಿಕೆಟ್ಟಿನ ಅಂಚು ದಾಟಿ ಮೇಲಕ್ಕೆ ಹಾರಿದೆ.

ಈಗ ನಿನ್ನ ಆರು ಪುಟಗಳು. ಮೊದಲ ಪುಟ ಪೂರ್ತಿ ‘ವೇದಿಕೆಯ ಮೇಲೆ ಆಸೀನರಾಗಿರುವ’ದಲ್ಲೇ ಮುಗಿದಿದೆ. ಹನ್ನೊಂದು ಜನ, ಒಬ್ಬೊಬ್ಬರಿಗೂ ಎರಡೆರಡು ವಿಶೇಷಣ. ಗಡಿಯಾರ ಮುಂದಿಟ್ಟುಕೊಂಡು ಜೋರಾಗಿ ಓದಿದೆ: ಒಂದು ನಿಮಿಷ ನಲವತ್ತು ಸೆಕೆಂಡ್. ನಿನ್ನ ಸರದಿ ಬರುವ ಹೊತ್ತಿಗೆ ನಿರೂಪಕರು, ಸ್ವಾಗತ ಕೋರಿದವರು, ಪ್ರಾಸ್ತಾವಿಕ ನುಡಿದವರು ಇದೇ ಹನ್ನೊಂದು ಹೆಸರುಗಳನ್ನು ಹೇಳಿ ಮುಗಿಸಿರುತ್ತಾರೆ. ಕೊನೆಗೆ ವಂದನಾರ್ಪಣೆಯವರು ಮತ್ತೊಮ್ಮೆ ಹೇಳುತ್ತಾರೆ. ‘ವೇದಿಕೆಯ ಹಿರಿಯರಿಗೆ, ಗುರುಗಳಿಗೆ, ನಮ್ಮನ್ನು ಓದಿಸಿದ ತಂದೆತಾಯಿಯರಿಗೆ, ಗೆಳೆಯ ಗೆಳತಿಯರಿಗೆ ನಮಸ್ಕಾರ’ ಎಂದು ಶುರು ಮಾಡು. ಯಾರಾದರೂ ಸಿಟ್ಟಾಗುತ್ತಾರೆಯೇ? ತನ್ನ ಹೆಸರು ನಾಲ್ಕನೆಯ ಸಲ ಕೇಳಲಿಲ್ಲವೆಂದು ಎದ್ದು ಹೋದವರನ್ನು ನನ್ನ ಅಷ್ಟೂ ವರ್ಷಗಳಲ್ಲಿ ಒಬ್ಬರನ್ನೇ ಕಂಡಿದ್ದೇನೆ. ಅವರಿಗೆ ಹೇಗೂ ಇನ್ನೊಂದು ಕಾರ್ಯಕ್ರಮವಿತ್ತು.

ಎರಡರಿಂದ ಐದನೆಯ ಪುಟದವರೆಗೆ ವಿದ್ಯೆಯ ಮಹಿಮೆ, ಯುವಶಕ್ತಿ, ನಾಳಿನ ಭಾರತ. ಅಣ್ಣ ಕೊಟ್ಟ ಮೊಬೈಲಿನ ಭಾಷಣದಲ್ಲೂ ಇವೇ ಇವೆ, ಅಲ್ಲಿ ಇನ್ನಷ್ಟು ನುಣುಪಾಗಿವೆ. ಆ ಭಾಷಣ ನನಗೆ ಹಳೆಯ ಪರಿಚಯ. ಮೊದಲು ಗೈಡುಗಳಲ್ಲಿ ಇರುತ್ತಿತ್ತು, ಈಗ ಮೊಬೈಲಿಗೆ ಮನೆ ಬದಲಿಸಿದೆ. ಅದನ್ನು ಮಂಡ್ಯದಲ್ಲಿ ಓದಿದರೂ ಒಂದಕ್ಷರ ಬದಲಿಸಬೇಕಾಗಿಲ್ಲ, ಮಂಗಳೂರಿನಲ್ಲಿ ಓದಿದರೂ ಬೇಕಾಗಿಲ್ಲ. ನಿನಗೆ ಚೆನ್ನಾಗಿದೆ ಅನ್ನಿಸಿದ್ದು ಇದಕ್ಕೇ: ಎಲ್ಲಿಯೂ ಕೈಗೆ ತಗಲುವಂಥದ್ದು ಅದರಲ್ಲಿ ಏನೂ ಇಲ್ಲ. ಅಣ್ಣನಿಗೆ ನೋವಾಗದ ಹಾಗೆ ಅದನ್ನು ಅವನಿಗೇ ಮರಳಿಸು. ಸಮಾರಂಭದ ದಿನ ಫೋಟೋ ತೆಗೆಯುವ ಕೆಲಸ ಕೊಡು.

ನಿನ್ನ ಭಾಷಣ ಈ ಟಿಕೆಟ್ಟಿನಲ್ಲಿದೆ ನೋಡವ್ವ. ಮನೆಯಲ್ಲಿರುವ ಪುಸ್ತಕಗಳನ್ನೆಲ್ಲ ಒಂದು ಸಂಜೆ ಕೊಡವಿ, ಟಿಕೆಟ್‌ಗಳನ್ನು ಎಣಿಸು. ‘ನೂರಾರು’ ಎನ್ನಬೇಡ. 287 ಇದ್ದರೆ 287 ಎನ್ನು. ಯಾವ ಟಿಕೆಟ್ ಯಾವ ಪುಸ್ತಕದ ಎಷ್ಟನೆಯ ಪುಟದಲ್ಲಿ ನಿಂತುಬಿಟ್ಟಿದೆ ಎಂದು ನೋಡು. ಅರ್ಧಕ್ಕೆ ಬಿಟ್ಟ ಪುಸ್ತಕ ಯಾವುದು, ಬಿಟ್ಟದ್ದು ಏಕೆ? ಹತ್ತಿ ಬಿಡಿಸುವ ಕಾಲವೋ, ಮನೆಯಲ್ಲಿ ಮದುವೆಯೋ, ಜ್ವರವೋ? ಭೀಮಾ ಸೇತುವೆಯ ಮೇಲೆ ಬಸ್ ಬಂದಾಗ ನೀವೆಲ್ಲ ಪುಸ್ತಕ ಮುಚ್ಚಿ ಕಿಟಕಿಯಿಂದ ನೀರು ನೋಡುತ್ತಿದ್ದಿರೋ ಇಲ್ಲವೋ? ಎದುರಿಗೆ ಕುಳಿತವರಲ್ಲಿ ಅರ್ಧಕ್ಕರ್ಧ ಜನ ಅದೇ ಬಸ್ಸುಗಳಲ್ಲಿ ಬಂದವರು. ನೀನು ಟಿಕೆಟ್ ಎಂದ ಕೂಡಲೇ ಅವರವರ ಬಸ್ಸು ಅವರವರಿಗೆ ನೆನಪಾಗುತ್ತದೆ, ಉಳಿದದ್ದನ್ನು ನೀನು ಹೇಳುವುದೇ ಬೇಕಿಲ್ಲ.

ಒಂದು ಎಚ್ಚರ. ಸೊನ್ನೆಯ ಟಿಕೆಟ್ ಬಂದದ್ದು ಶಕ್ತಿ ಯೋಜನೆಯಿಂದ, 2023ರ ಜೂನ್ 11ರಿಂದ. ವೇದಿಕೆಯ ಮೇಲೆ ರಾಜಕೀಯದವರು ಇದ್ದೇ ಇರುತ್ತಾರೆ. ನೀನು ಸ್ವಲ್ಪ ಜಾರಿದರೂ ನಿನ್ನ ನಾಲ್ಕು ನಿಮಿಷ ಒಂದು ಪಕ್ಷದ ಪ್ರಚಾರವಾಗಿಬಿಡುತ್ತದೆ, ಇಲ್ಲವೇ ಇನ್ನೊಂದು ಪಕ್ಷದ ಸಿಟ್ಟಾಗುತ್ತದೆ. ಯೋಜನೆಗೆ ಒಂದು ವಾಕ್ಯ ಸಾಕು, ಮುಂದಿನ ವಾಕ್ಯದಲ್ಲಿ ಪುಸ್ತಕಕ್ಕೆ ಬಾ. ದುಡ್ಡು ಕೊಟ್ಟು ಪಾಸ್ ಮಾಡಿಸಿಕೊಂಡು ಬಾಗಿಲಿಗೆ ಜೋತುಬಿದ್ದು ಬಂದ ಹುಡುಗರನ್ನೂ ಮರೆಯಬೇಡ. ಚಪ್ಪಾಳೆ ಮೊದಲು ಏಳುವುದು ಅವರ ಕಡೆಯಿಂದಲೇ.

ಅಳತೆ ಹೇಳುತ್ತೇನೆ. ಇಂಗ್ಲಿಷಿನವರು ನಿಮಿಷಕ್ಕೆ ಇಷ್ಟು ಪದ ಎಂದು ಕೊಡುವ ಲೆಕ್ಕ ನಮಗೆ ಹೊಂದುವುದಿಲ್ಲ, ಏಕೆಂದರೆ ‘ಓದಿಸಬೇಕೆಂದುಕೊಂಡಿದ್ದರು’ ಎಂಬುದು ನಮ್ಮಲ್ಲಿ ಒಂದೇ ಪದ. ನಾನು ವಿದ್ಯಾರ್ಥಿಗಳಿಂದ ಓದಿಸಿ ಕಂಡುಕೊಂಡದ್ದು ನಿಮಿಷಕ್ಕೆ ಹೆಚ್ಚುಕಡಿಮೆ 90 ಪದ. ನಾಲ್ಕು ನಿಮಿಷಕ್ಕೆ 360. ಉಸಿರಿಗೆ, ಚಪ್ಪಾಳೆಗೆ, ಕೈಕೊಡುವ ಮೈಕಿಗೆ ನಲವತ್ತು ಪದ ಕಳೆ. 320 ಪದ ಬರೆ.

ಭಾಷೆಯ ಬಗ್ಗೆ ಕೇಳಿದ್ದೀಯ. ಭಾಷಣವನ್ನು ಪತ್ರಿಕೆಯ ಕನ್ನಡದಲ್ಲೇ ಬರೆ, ಅದು ನಿನಗೆ ಚೆನ್ನಾಗಿ ಬರುತ್ತದೆ ಎಂದು ನಿನ್ನ ಪತ್ರವೇ ಹೇಳುತ್ತಿದೆ. ಆದರೆ ಆರನೆಯ ಪುಟದಲ್ಲಿ, ಕಾಲೇಜಿಗೆ ಸೇರಿಸುವ ದಿನ ಅಪ್ಪ ‘ಚಿಂತಿಸದಿರು ಮಗಳೇ’ ಎಂದರು ಎಂದು ಬರೆದಿದ್ದೀಯ. ಶಹಾಪುರದ ಕಡೆ ಯಾವ ತಂದೆ ಹಾಗೆ ಮಾತನಾಡುತ್ತಾರೆ? ‘ಫಿಕರ್ ಮಾಡಬೇಡ’ ಎಂದಿರಬೇಕು. ಹಾಗೆಯೇ ಹೇಳು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಡಳಿತ ಹೋಯಿತು, ಉರ್ದುವಿನಿಂದ ಬಂದ ಫಿಕರ್ ಹೋಗಲಿಲ್ಲ, ಅದು ಈಗ ನಮ್ಮ ಮನೆಯ ಮಾತು. ಉಳಿದ 318 ಪದಗಳನ್ನು ಅಚ್ಚಿನ ಕನ್ನಡದಲ್ಲಿ ಹೇಳಿದವಳು ಇವೆರಡನ್ನು ಮಾತ್ರ ಅಪ್ಪನ ಬಾಯಿಂದ ಹೇಳಿದರೆ ಯಾರೂ ನಗುವುದಿಲ್ಲ. ಅಪ್ಪನ ಕಡೆ ಮಾತ್ರ ಆಗ ನೋಡಬೇಡ, ನಿನ್ನ ಗಂಟಲು ಕಟ್ಟೀತು.

ಕೈ ನಡುಗುವುದಕ್ಕೆ ಔಷಧ ಲಗ್ನಪತ್ರಿಕೆ. ಹಳೆಯ, ದಪ್ಪ ಕಾರ್ಡಿನ ಲಗ್ನಪತ್ರಿಕೆಗಳ ಖಾಲಿ ಬದಿಗೆ ದೊಡ್ಡ ಅಕ್ಷರದಲ್ಲಿ ಭಾಷಣ ಬರೆದುಕೋ, ನಾಲ್ಕು ಕಾರ್ಡು ಸಾಕು. ಮೂಲೆಯಲ್ಲಿ ಅಂಕಿ ಹಾಕು. ತೆಳು ಹಾಳೆ ಕೈಯೊಂದಿಗೆ ನಡುಗುತ್ತದೆ, ಮೈಕಿನ ಹತ್ತಿರ ಅದರ ಸದ್ದು ಮಳೆಯ ಹಾಗೆ ಕೇಳುತ್ತದೆ, ಅದನ್ನು ಕೇಳಿ ಕೈ ಇನ್ನಷ್ಟು ನಡುಗುತ್ತದೆ. ದಪ್ಪ ಕಾರ್ಡಿಗೆ ಆ ಚಾಳಿಯಿಲ್ಲ. ನಮ್ಮ ಬಿಸಿಲಿಗೆ ವೇದಿಕೆಯ ಮೇಲೆ ಆಳೆತ್ತರದ ಫ್ಯಾನು ತಂದಿಟ್ಟಿರುತ್ತಾರೆ, ಅದಕ್ಕೂ ಕಾರ್ಡು ಹಾರುವುದಿಲ್ಲ. ಮೈಕಿನವನನ್ನು ಅರ್ಧ ಗಂಟೆ ಮೊದಲೇ ಕಂಡು, ಸ್ಟ್ಯಾಂಡನ್ನು ನಿನ್ನ ಎತ್ತರಕ್ಕೆ ಇಳಿಸುವುದು ಹೇಗೆಂದು ಕೇಳಿಕೋ. ಬಾಯಿಗೂ ಮೈಕಿಗೂ ಒಂದು ಗೇಣು ಅಂತರ. ‘ಹಲೋ ಹಲೋ’ ಬೇಡ.

ಬಾಯಿಪಾಠ ಮಾಡಬೇಡ ಎಂದು ಹೇಳುವ ಹಕ್ಕು ನನಗಿದೆ. ಬಿ.ಎ. ಕೊನೆಯ ವರ್ಷ ಬೀಳ್ಕೊಡುಗೆಯ ದಿನ ನಾನು ಎಂಟು ಪುಟ ಉರುಹೊಡೆದು ವೇದಿಕೆ ಹತ್ತಿದ್ದೆ. ‘ಈ ಕಾಲೇಜಿನ ದಿನಗಳು ನಮ್ಮ ಬಾಳಿನಲ್ಲಿ…’ ಎಂದವಳಿಗೆ ಮುಂದಿನ ಪದ ಹತ್ತಲಿಲ್ಲ. ‘ಅವಿಸ್ಮ… ಅವಿಸ್ಮರ…’ ಎನ್ನುತ್ತಾ ನಿಂತೆ. ಹಿಂದಿನ ಬೆಂಚಿನಿಂದ ಯಾರೋ ‘ಅವಿಸ್ಮರಣೀಯ!’ ಎಂದು ಕೂಗಿದರು. ಮರೆಯಲಾಗದ್ದು ಎಂಬ ಪದವನ್ನೇ ಮರೆತವಳು ಎಂದು ಸಭೆಯೆಲ್ಲ ಬಿದ್ದುಬಿದ್ದು ನಕ್ಕಿತು. ಆ ಪದ ನಾನು ಅದುವರೆಗೆ ಮನೆಯಲ್ಲಿ, ಹೊಲದಲ್ಲಿ, ಗೆಳತಿಯರ ನಡುವೆ ಒಮ್ಮೆಯೂ ಆಡಿರಲಿಲ್ಲ. ಚಂದ ಕಾಣಲೆಂದು ಎಲ್ಲಿಂದಲೋ ಎತ್ತಿ ಸಿಕ್ಕಿಸಿಕೊಂಡದ್ದು. ನಿನ್ನ ಆರು ಪುಟಗಳಲ್ಲಿ ಅಂಥ ಹದಿನಾಲ್ಕು ಪದಗಳಿಗೆ ಕೆಂಪು ಗೆರೆ ಎಳೆದಿದ್ದೇನೆ. ಪುಟಗಳನ್ನೂ ಟಿಕೆಟ್ಟನ್ನೂ ಅಂಚೆಯಲ್ಲಿ ಮರಳಿಸುತ್ತಿದ್ದೇನೆ. ಎಣಿಸುವಾಗ ಒಂದು ಕಡಿಮೆ ಬೀಳಬಾರದಲ್ಲ.

ಪ್ರಶ್ನೆ: ನಾನು ಬೀದರಿನ ನಿವೃತ್ತ ಮುಖ್ಯೋಪಾಧ್ಯಾಯ. ನಾನೇ ಓದಿದ ಕಾಲೇಜಿನವರು ಪದವಿ ಪ್ರದಾನಕ್ಕೆ ಮುಖ್ಯ ಅತಿಥಿಯಾಗಿ ಕರೆದಿದ್ದಾರೆ. ಆದರೆ ‘ಹತ್ತು ನಿಮಿಷ ಸಾಕು ಸರ್’ ಎಂದರು. ಇದು ಅವಮಾನವಲ್ಲವೇ? ನಳಂದಾ, ತಕ್ಷಶಿಲೆಗಳಿಂದ ಆರಂಭಿಸಬೇಕೆಂದಿದ್ದೆ. ಹತ್ತು ನಿಮಿಷದಲ್ಲಿ ಅಲ್ಲಿಂದ ಹೊರಬರುವುದೇ ಕಷ್ಟ.

ಉತ್ತರ: ಗುರುಗಳೇ, ಹತ್ತು ನಿಮಿಷ ಅವಮಾನವಲ್ಲ, ಬೇಸಿಗೆಯಲ್ಲಿ ಅದು ದೊಡ್ಡ ಮರ್ಯಾದೆ. 1863ರ ನವೆಂಬರ್ 19ರಂದು ಅಮೆರಿಕದ ಗೆಟ್ಟಿಸ್‌ಬರ್ಗ್‌ನಲ್ಲಿ ಮುಖ್ಯ ಭಾಷಣಕಾರರಾಗಿದ್ದವರು ಎಡ್ವರ್ಡ್ ಎವರೆಟ್. ಎರಡು ಗಂಟೆ ಮಾತನಾಡಿದರು. ಅವರ ನಂತರ ಎದ್ದ ಲಿಂಕನ್ ಎರಡು ಮೂರು ನಿಮಿಷದಲ್ಲಿ ಕುಳಿತುಬಿಟ್ಟರು. ಯಾರ ಮಾತು ಉಳಿಯಿತು ಎಂದು ನಿಮಗೆ ಹೇಳಬೇಕೆ? ನಾನು ಎವರೆಟ್ ಅವರನ್ನು ಮೆಚ್ಚುವುದು ಬೇರೆ ಕಾರಣಕ್ಕೆ. ‘ನೀವು ಎರಡು ನಿಮಿಷದಲ್ಲಿ ಮುಟ್ಟಿದ ತಿರುಳಿಗೆ ನಾನು ಎರಡು ಗಂಟೆಯಲ್ಲಿ ಅಷ್ಟು ಸಮೀಪ ಹೋಗಿದ್ದರೆ ಸಂತೋಷಪಡುತ್ತಿದ್ದೆ’ ಎಂಬ ಅರ್ಥದಲ್ಲಿ ಅವರು ಮರುದಿನವೇ ಲಿಂಕನ್‌ಗೆ ಪತ್ರ ಬರೆದರು. ನಮ್ಮ ಕಡೆ ಅಂಥ ಪತ್ರ ಬರೆದ ಮುಖ್ಯ ಅತಿಥಿಯನ್ನು ನಾನಿನ್ನೂ ಕಂಡಿಲ್ಲ.

ಇನ್ನು ನಳಂದಾ. ಬೀದರಿನಲ್ಲಿ ನಿಂತು ಅಷ್ಟು ದೂರ ಏಕೆ ಹೋಗುತ್ತೀರಿ? ನಿಮ್ಮ ಊರಿನ ನಡುವೆಯೇ ಬಹಮನಿ ಮಂತ್ರಿ ಮಹಮೂದ್ ಗವಾನರ ಮದರಸಾ ಇದೆ, 1472ರಲ್ಲಿ ಕಟ್ಟಿಸಿದ್ದು. ಎರಡು ಮಿನಾರುಗಳಲ್ಲಿ ಒಂದು ಮಾತ್ರ ಉಳಿದಿದೆ, ಅದರ ಮೈಮೇಲೆ ಬಣ್ಣದ ಹೆಂಚುಗಳು ಅಲ್ಲಲ್ಲಿ ಅಂಟಿಕೊಂಡಿವೆ. ನಿಮ್ಮ ಮುಂದೆ ಕುಳಿತ ಮಕ್ಕಳು ದಿನವೂ ಅದರ ಪಕ್ಕದಲ್ಲೇ ಗಾಡಿ ಓಡಿಸಿಕೊಂಡು ಬಂದವರು. ಇನ್ನೂ ಹಳೆಯದೇ ಬೇಕೆಂದರೆ ನಮ್ಮ ಚಿತ್ತಾಪುರದ ಹತ್ತಿರದ ನಾಗಾವಿಗೆ ಬನ್ನಿ. ಅಲ್ಲಿಯ ಘಟಿಕಾಸ್ಥಾನದ, ಎಂದರೆ ಆ ಕಾಲದ ವಿದ್ಯಾಕೇಂದ್ರದ, ಬಗ್ಗೆ 1058ರ ಶಾಸನವಿದೆ. ವೇದ ಓದುವ 200 ಜನ, ಶಾಸ್ತ್ರ ಓದುವ 52 ಜನ ವಿದ್ಯಾರ್ಥಿಗಳ ಊಟ ವಸತಿಗೆ ಏರ್ಪಾಡಾಗಿತ್ತು. ಪುಸ್ತಕ ನೋಡಿಕೊಳ್ಳಲು ಆರು ಮಂದಿ ಇದ್ದರು, ಅವರನ್ನು ಸರಸ್ವತೀ ಭಂಡಾರಿಗರು ಎನ್ನುತ್ತಿದ್ದರು. ಘಟಿಕೋತ್ಸವ ಎಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗುತ್ತದಲ್ಲ, ಆ ಪದದೊಳಗೆ ಈ ಘಟಿಕೆ ಇದೆ. 252 ವಿದ್ಯಾರ್ಥಿಗಳಿಗೆ ಆರು ಗ್ರಂಥಪಾಲಕರು! ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಎಷ್ಟು ಜನರಿದ್ದಾರೆ ಎಂದು ಮೊದಲೇ ವಿಚಾರಿಸಿಕೊಂಡು, ಎರಡೂ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಸುಮ್ಮನೆ ಒಂದು ಕ್ಷಣ ನಿಲ್ಲಿ. ಹತ್ತರಲ್ಲಿ ಎಂಟು ನಿಮಿಷ ಇನ್ನೂ ನಿಮ್ಮ ಕೈಯಲ್ಲೇ ಇರುತ್ತದೆ.

ಪ್ರಶ್ನೆ: ಬೀಳ್ಕೊಡುಗೆಯ ಭಾಷಣದ ನಡುವೆ ಅಳು ಬಂದುಬಿಟ್ಟರೆ? ಹುಡುಗರು ಅತ್ತರೆ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. (ಸೇಡಂನಿಂದ ಒಬ್ಬ ವಿದ್ಯಾರ್ಥಿ)

ಉತ್ತರ: ನನ್ನನ್ನು ‘ಅವಿಸ್ಮರಣೀಯ’ ಎಂದು ಈಗಲೂ ಕರೆಯುವ ಗೆಳತಿಯರಿದ್ದಾರೆ ತಮ್ಮ, ಅದಕ್ಕೆ ಹೋಲಿಸಿದರೆ ಅಳು ಏನೂ ಅಲ್ಲ. ಯಾವ ವಾಕ್ಯಕ್ಕೆ ಅಳು ಬರುತ್ತದೆ ಎಂಬುದು ನಿನಗೆ ಈಗಾಗಲೇ ಗೊತ್ತಿದೆ. ಅದೊಂದನ್ನೇ ಮನೆಯಲ್ಲಿ ದಿನಕ್ಕೆ ಹತ್ತು ಸಲ ಗಟ್ಟಿಯಾಗಿ ಓದು. ನಾಲ್ಕು ದಿನ ಕಳೆದರೂ ಗಂಟಲು ಕಟ್ಟುತ್ತಿದ್ದರೆ ಅದನ್ನು ಕೊನೆಯಿಂದ ತೆಗೆದು ನಡುವೆ ಹಾಕು, ಅದರ ಹಿಂದೆಯೇ ನಗೆ ಬರುವ ಮಾತೊಂದನ್ನು ಇಡು. ಅಷ್ಟಾದರೂ ಬಂದರೆ ಸುಮ್ಮನೆ ನಿಲ್ಲು, ‘ಕ್ಷಮಿಸಿ’ ಎನ್ನಬೇಡ, ನೀರು ಕುಡಿ. ಲೋಟವನ್ನು ಮಾತ್ರ ಮೈಕಿನಿಂದ ದೂರ ಹಿಡಿದುಕೋ. ಗುಟುಕರಿಸುವ ಸದ್ದು ಕೊನೆಯ ಸಾಲಿನವರೆಗೂ ಕೇಳುತ್ತದೆ.