ಅಪ್‌ಡೇಟ್ ಬಾರದ ತಿಂಗಳುಗಳಲ್ಲಿ ಗೇಮ್ ಮಾಡುವವರು ಯಾಕೆ ಮಾತಾಡುವುದಿಲ್ಲ?

ನೀವು ದಿನಾ ಆಡುವ ಮೊಬೈಲ್ ಗೇಮ್‌ಗೆ ನಾಲ್ಕು ತಿಂಗಳಿಂದ ಅಪ್‌ಡೇಟ್ ಇಲ್ಲ, ಮಾಡಿದವರಿಂದ ಒಂದು ಮಾತೂ ಇಲ್ಲ, ಅವರು ಕೆಲಸ ಮಾಡ್ತಿದ್ದಾರಾ ಅಥವಾ ಕೈಬಿಟ್ಟಿದ್ದಾರಾ ಅಂತ ಕೇಳಿದ್ದೀರಿ. ಆಟಗಾರರ ಜೊತೆ ಮಾತಾಡುವುದೇ ನನ್ನ ಕೆಲಸ. ಊರು ಧಾರವಾಡ. ಪುಣೆಯ ಬಾಣೇರ್‌ನ ಒಂದು ಸಣ್ಣ ಗೇಮ್ ಸ್ಟುಡಿಯೋದಲ್ಲಿ ಐದು ವರ್ಷದಿಂದ ಕಮ್ಯುನಿಟಿ ಮ್ಯಾನೇಜರ್ ಆಗಿದ್ದೇನೆ. ಹಾಗಾಗಿ ಒಳಗಿಂದ ಕಂಡದ್ದನ್ನು ಹೇಳುತ್ತೇನೆ.

ಸುಮ್ಮನಿರುವವರೆಲ್ಲ ಕೈಬಿಟ್ಟವರಲ್ಲ. ಬಹಳಷ್ಟು ಸಲ ಅವರಿಗೆ ಹೆದರಿಕೆ. ಇವತ್ತು ಒಂದು ಹೊಸ ಮ್ಯಾಪ್, ಅಂದರೆ ಆಟ ನಡೆಯುವ ಹೊಸ ಜಾಗ, ತೋರಿಸಿದೆವು ಅಂದುಕೊಳ್ಳಿ. ಮುಂದಿನ ತಿಂಗಳು ಅದು ಸರಿ ಬರಲಿಲ್ಲ ಅಂತ ತೆಗೆದುಹಾಕಬೇಕಾಗಬಹುದು. ನಮ್ಮ ಪಾಲಿಗೆ ಅದು ಒಂದು ಪ್ರಯತ್ನ, ಆಡುವವರ ಪಾಲಿಗೆ ಕೊಟ್ಟ ಮಾತು. ಅದಕ್ಕೇ ಎಲ್ಲ ಮುಗಿದ ಮೇಲೆ ಹೇಳೋಣ ಅಂತ ಕೂತುಬಿಡುತ್ತಾರೆ. ಆ ‘ಎಲ್ಲ ಮುಗಿಯುವ’ ದಿನ ಮುಂದೆ ಮುಂದೆ ಹೋಗುತ್ತಲೇ ಇರುತ್ತದೆ.

ನಾನೂ ಹಾಗೆ ಕೂತಿದ್ದೆ. ಎರಡು ವರ್ಷದ ಹಿಂದೆ, ಗಣಪತಿ ಹಬ್ಬಕ್ಕೆ ಹೊಸ ಮ್ಯಾಪ್ ಬರುತ್ತದೆ ಅಂತ ನಾವು ಹೇಳಿಬಿಟ್ಟೆವು. ಹಬ್ಬಕ್ಕೆ ಒಂದು ವಾರ ಇರುವಾಗ ಗೊತ್ತಾಯಿತು, ಮೆಮೊರಿ ಕಡಿಮೆ ಇರುವ, ಅಂದರೆ 2 ಜಿಬಿ ರ‍್ಯಾಮ್ ಇರುವ ಫೋನಿನಲ್ಲಿ ಆ ಮ್ಯಾಪ್ ತೆರೆದರೆ ಗೇಮ್ ಮುಚ್ಚಿಹೋಗುತ್ತದೆ. ನಮ್ಮ ಗೇಮ್ ಆಡುವವರಲ್ಲಿ ಜಾಸ್ತಿ ಜನರ ಕೈಯಲ್ಲಿರುವುದು ಅಂಥ ಫೋನೇ. ಬಿಡುಗಡೆ ಮಾಡುವ ಹಾಗಿರಲಿಲ್ಲ. ಪುಣೆಯಲ್ಲಿ ಆ ಹತ್ತು ದಿನ ನಿಮಗೆ ಗೊತ್ತಲ್ಲ, ರಸ್ತೆ ಬಂದ್, ಸಂಜೆಯಾದರೆ ಎಲ್ಲೆಲ್ಲೂ ಢೋಲ್ ತಾಶಾ. ಅರ್ಧ ತಂಡ ಬೇಗ ಮನೆಗೆ ಹೋಗುತ್ತಿತ್ತು, ಉಳಿದವರು ಮೆಮೊರಿ ಎಲ್ಲಿ ತುಂಬುತ್ತಿದೆ ಅಂತ ಹುಡುಕುತ್ತಿದ್ದರು. ಮೊದಲು ಸರಿಮಾಡೋಣ, ಆಮೇಲೆ ಹೇಳೋಣ ಅಂತ ತೀರ್ಮಾನವಾಯಿತು. ನಾನೂ ಒಪ್ಪಿದೆ. ಹಬ್ಬ ಮುಗಿಯಿತು, ಮತ್ತೆ ಎರಡು ವಾರ ಕಳೆಯಿತು. ಒಂದು ಸಾಲೂ ಬರೆಯಲಿಲ್ಲ.

ಆಗ ಅಥಣಿಯ ಕಡೆಯ ಒಬ್ಬ ಹುಡುಗನಿಂದ ಮೆಸೇಜ್ ಬಂತು. “ಆಟ ಬಂದ್ ಆತೇನ್ರಿ? ಹಂಗಿದ್ರ ಹೇಳಿಬಿಡ್ರಿ. ದಿನಾ ತೆಗದು ನೋಡಿ ಸಾಕಾಗೇತಿ.” ಬೈಗುಳ ಬಂದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಅವನಿಗೆ ಆದದ್ದನ್ನೆಲ್ಲ ಬರೆದೆ, ಫೋನು, ಮೆಮೊರಿ, ಎಲ್ಲ. ಹತ್ತು ನಿಮಿಷಕ್ಕೆ ಉತ್ತರ ಬಂತು. “ನಂದೂ 2 ಜಿಬಿ ಫೋನೇ ಐತ್ರಿ. ನಾ ಚೆಕ್ ಮಾಡಿ ಹೇಳ್ಲೇನು?” ಅವನಿಗೆ ಟೆಸ್ಟ್ ಬಿಲ್ಡ್, ಅಂದರೆ ಇನ್ನೂ ಬಿಡುಗಡೆಯಾಗದ ಆವೃತ್ತಿ, ಕಳಿಸಿದೆವು. ಯಾವ ಮೂಲೆಗೆ ಹೋದರೆ ಗೇಮ್ ಮುಚ್ಚುತ್ತದೆ ಅಂತ ಅವನು ಸ್ಕ್ರೀನ್ ರೆಕಾರ್ಡ್ ಮಾಡಿ ಕಳಿಸಿದ. ಮರುದಿನ ಅದೇ ವಿವರವನ್ನು ಎಲ್ಲರಿಗೂ ಬರೆದೆ.

ಅವತ್ತಿನಿಂದ ಪ್ರತಿ ಶುಕ್ರವಾರ ಬರೆಯುತ್ತಿದ್ದೇನೆ. ಏನು ಸರಿಹೋಯಿತು, ಏನು ಸಿಕ್ಕಿಕೊಂಡಿದೆ, ಯಾವುದನ್ನು ಬಿಟ್ಟೆವು ಮತ್ತು ಯಾಕೆ. ಹೇಳಲು ಏನೂ ಇಲ್ಲದ ವಾರ ‘ಈ ವಾರ ತೋರಿಸಲು ಏನಿಲ್ಲ, ಹಳೆಯ ಬಗ್‌ಗಳನ್ನೇ ತೆಗೆಯುತ್ತಿದ್ದೇವೆ’ ಅಂತ ಎರಡು ಸಾಲು. ಆ ಎರಡು ಸಾಲಿಗೂ ಜನ ಉತ್ತರ ಬರೆಯುತ್ತಾರೆ.

ಈ ಶುಕ್ರವಾರದ ಅಭ್ಯಾಸ ನಾನು ಕಲಿತದ್ದು ಫ್ಯಾಕ್ಟೋರಿಯೋ ಅನ್ನುವ ಕಂಪ್ಯೂಟರ್ ಗೇಮ್ ಮಾಡಿದವರಿಂದ. ಪ್ರಾಗ್‌ನ ವೂಬೆ ಸಾಫ್ಟ್‌ವೇರ್‌ನವರು 2013ರಿಂದ ‘ಫ್ರೈಡೇ ಫ್ಯಾಕ್ಟ್ಸ್’ ಅಂತ ವಾರವಾರ ಬರೆಯುತ್ತಿದ್ದರು. 2020ರಲ್ಲಿ ಗೇಮ್‌ನ 1.0 ಆವೃತ್ತಿ, ಅಂದರೆ ಪೂರ್ತಿಯಾದ ಗೇಮ್, ಬಂದ ಮೇಲೆ ವಾರವಾರ ಬರೆಯುವುದನ್ನು ನಿಲ್ಲಿಸಿದರು. 2023ರ ಆಗಸ್ಟ್‌ನಲ್ಲಿ ಮತ್ತೆ ಶುರು ಮಾಡಿದರು. ಆ ಗೇಮ್‌ಗೆ ಸೇರಿಸುವ ಹೊಸ ಭಾಗ, ‘ಸ್ಪೇಸ್ ಏಜ್’ ವಿಸ್ತರಣೆ, ಕೈಗೆ ಬಂದದ್ದು 2024ರ ಅಕ್ಟೋಬರ್‌ನಲ್ಲಿ. ಅಂದರೆ ಒಂದು ವರ್ಷಕ್ಕಿಂತ ಜಾಸ್ತಿ ಕಾಲ ಬರೀ ಮಾತಿನ ಮೇಲೆಯೇ ಜನರನ್ನು ಜೊತೆಯಲ್ಲಿ ಇಟ್ಟುಕೊಂಡರು. ಅದು ಜಂಬದ ಮಾತಲ್ಲ. ರೈಲು ಹೇಗೆ ಓಡಬೇಕು, ಪೈಪಿನಲ್ಲಿ ದ್ರವ ಹೇಗೆ ಹರಿಯಬೇಕು, ಮೊದಲು ಮಾಡಿದ್ದು ಯಾಕೆ ಸರಿಯಿರಲಿಲ್ಲ, ಇಂಥವೇ. ಕೆಲಸದ ಕಷ್ಟ ಕಂಡವರಿಗೆ ತಾಳ್ಮೆಯೂ ಬರುತ್ತದೆ.

‘ನೋ ಮ್ಯಾನ್ಸ್ ಸ್ಕೈ’ ಅನ್ನುವ ಗೇಮ್‌ನ ಕಥೆ ನೀವು ಕೇಳಿರಬಹುದು. 2016ರ ಆಗಸ್ಟ್‌ನಲ್ಲಿ ಬಂತು, ಹೇಳಿದ್ದು ಎಷ್ಟೋ ಅದರಲ್ಲಿ ಇರಲಿಲ್ಲ. ಆಮೇಲೆ ಅದನ್ನು ಮಾಡಿದ ಹಲೋ ಗೇಮ್ಸ್‌ನವರು ನವೆಂಬರ್‌ನ ‘ಫೌಂಡೇಶನ್’ ಅಪ್‌ಡೇಟ್ ತನಕ ಬಹುತೇಕ ಮೌನವಾಗಿದ್ದರು. ವರ್ಷಗಟ್ಟಲೆ ಉಚಿತ ಅಪ್‌ಡೇಟ್ ಕೊಟ್ಟು ಹೆಸರು ಉಳಿಸಿಕೊಂಡರು. ಈಗ ಆ ಸ್ಟುಡಿಯೋದ ಮುಖ್ಯಸ್ಥ ಷಾನ್ ಮರ‍್ರೆ ಒಂದೇ ಒಂದು ಇಮೋಜಿ ಹಾಕಿದರೆ ಸಾಕು, ಅಪ್‌ಡೇಟ್ ಬರುತ್ತಿದೆ ಅಂತ ಜನ ತಿಳಿದುಕೊಳ್ಳುತ್ತಾರೆ. ಅದನ್ನು ನೋಡಿ ಹೊಸ ಸ್ಟುಡಿಯೋದವರೂ ಇಮೋಜಿ ಹಾಕುತ್ತಾರೆ. ಬೇಡ ಅಂತ ನಾನು ಹೇಳುತ್ತೇನೆ. ಅವರ ಇಮೋಜಿಯ ಹಿಂದೆ ಅಷ್ಟು ವರ್ಷಗಳ ಕೆಲಸ ಇದೆ.

ತಾರೀಕಿನ ವಿಷಯವೇ ಬೇರೆ. ‘ಹಾಲೋ ನೈಟ್: ಸಿಲ್ಕ್‌ಸಾಂಗ್’ ಗೇಮ್ ಘೋಷಣೆಯಾದದ್ದು 2019ರಲ್ಲಿ. 2022ರ ಜೂನ್‌ನಲ್ಲಿ ಎಕ್ಸ್‌ಬಾಕ್ಸ್‌ನವರ ಕಾರ್ಯಕ್ರಮದಲ್ಲಿ ಅದನ್ನು ತೋರಿಸಿ, ಇಲ್ಲಿ ತೋರಿಸಿದ್ದೆಲ್ಲ 12 ತಿಂಗಳಲ್ಲಿ ಬರುತ್ತದೆ ಅಂದರು. 2023ರ ಮೇನಲ್ಲಿ ಆ ಗೇಮ್ ಮಾಡುತ್ತಿದ್ದ ಟೀಮ್ ಚೆರ‍್ರಿ ಕಡೆಯಿಂದ ಇಲ್ಲ, ತಡವಾಗುತ್ತದೆ ಅಂತ ಹೇಳಬೇಕಾಯಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ, ಬಿಡುಗಡೆಗೆ ಎರಡೇ ವಾರ ಇರುವಾಗ ತಾರೀಕು ಹೇಳಿದರು. ಸೆಪ್ಟೆಂಬರ್ 4ಕ್ಕೆ ಗೇಮ್ ಬಂತು. ಕೈಯಲ್ಲಿ ಸಿದ್ಧವಾದ ಮೇಲೆ ತಾರೀಕು ಹೇಳಿದ್ದು ಸರಿ. ನಡುವಿನ ಅಷ್ಟು ಉದ್ದದ ಮೌನ ಮಾತ್ರ ನನಗೆ ಒಪ್ಪಿಗೆಯಿಲ್ಲ.

ಇನ್ನೊಂದು ಗೊಂದಲ ಇದೆ. ‘ನನ್ನ ಗೆಳೆಯನಿಗೆ ಅಪ್‌ಡೇಟ್ ಬಂದಿದೆ, ನನಗಿಲ್ಲ’ ಅಂತ ಜನ ಸಿಟ್ಟಾಗುತ್ತಾರೆ. ಎಷ್ಟೋ ಸಲ ಅಪ್‌ಡೇಟನ್ನು ಎಲ್ಲರಿಗೂ ಒಟ್ಟಿಗೆ ಬಿಡುವುದಿಲ್ಲ. ಐಫೋನಿನಲ್ಲಿ ಹಂತಹಂತವಾಗಿ ಬಿಟ್ಟರೆ ಮೊದಲ ದಿನ ಆಟೋ ಅಪ್‌ಡೇಟ್ ಇಟ್ಟುಕೊಂಡವರಲ್ಲಿ 1 ಪರ್ಸೆಂಟ್ ಜನಕ್ಕೆ ಮಾತ್ರ, ಎಲ್ಲರಿಗೂ ತಲುಪಲು 7 ದಿನ. ಪ್ಲೇ ಸ್ಟೋರ್‌ನಲ್ಲಿ ಎಷ್ಟು ಪರ್ಸೆಂಟ್ ಅಂತ ನಾವೇ ಆರಿಸುತ್ತೇವೆ. ಏನಾದರೂ ಕೆಟ್ಟರೆ ಕೆಲವರಿಗಷ್ಟೇ ಕೆಡಲಿ ಅಂತ. ಇದನ್ನು ಮೊದಲೇ ಹೇಳಿದರೆ ಅರ್ಧ ದೂರು ಬರುವುದೇ ಇಲ್ಲ.

ನಿಮ್ಮ ಗೇಮ್‌ಗೆ ಬರೋಣ. ಮಾಡಿದವರು ಮಾತಾಡದಿದ್ದರೂ ಕೆಲವು ಗುರುತು ಸಿಗುತ್ತವೆ. ಸ್ಟೋರ್‌ನಲ್ಲಿ ‘ಕೊನೆಯ ಅಪ್‌ಡೇಟ್’ ತಾರೀಕು ನೋಡಿ. ಹೊಸದೇನೂ ಇಲ್ಲದಿದ್ದರೂ ಸಣ್ಣ ರಿಪೇರಿ ಬಂದಿದ್ದರೆ ಯಾರೋ ಕೂತು ಕೆಲಸ ಮಾಡುತ್ತಿದ್ದಾರೆ ಅಂತ ಅರ್ಥ. ರಿವ್ಯೂಗಳಿಗೆ ಉತ್ತರ ಬರುತ್ತಿದೆಯಾ ನೋಡಿ. ಪ್ಲೇ ಸ್ಟೋರ್‌ನಲ್ಲಿ ಉತ್ತರಕ್ಕೆ ಸಿಗುವುದು 350 ಅಕ್ಷರ ಮಾತ್ರ, ಅದರಲ್ಲೂ ಸಿದ್ಧ ಉತ್ತರ ಯಾವುದು, ನಿಮ್ಮ ದೂರು ಓದಿ ಬರೆದದ್ದು ಯಾವುದು ಅಂತ ತಿಳಿಯುತ್ತದೆ. ಇದ್ಯಾವುದೂ ಇಲ್ಲ, ಹಳೆಯ ಈವೆಂಟ್‌ಗಳೇ ತಿರುಗಿ ತಿರುಗಿ ಬರುತ್ತಿವೆ ಅಂದರೆ, ತಂಡವನ್ನು ಬೇರೆ ಗೇಮ್‌ಗೆ ಹಾಕಿರುವ ಸಾಧ್ಯತೆಯೇ ಜಾಸ್ತಿ. ಅಂಥ ಕಡೆ ದುಡ್ಡು ಹಾಕಬೇಡಿ.

ಕೆಲಸ ನಡೆಯುತ್ತಿರುವ ಗುರುತು ಕಂಡರೆ ಮಾಡಿದವರಿಗೆ ಬರೆಯಿರಿ. ಆದರೆ ‘ಯಾವಾಗ ಬರುತ್ತೆ?’ ಅಂತ ಕೇಳಬೇಡಿ. ಅದಕ್ಕೆ ಉತ್ತರ ಕೊಡುವ ಅಧಿಕಾರ ನನ್ನಂಥವರಿಗೆ ಇರುವುದಿಲ್ಲ. ‘ಎಲ್ಲಿ ಸಿಕ್ಕಿಕೊಂಡಿದೆ?’ ಅಂತ ಕೇಳಿ. ನಿಮ್ಮ ಫೋನ್ ಮಾಡೆಲ್ ಯಾವುದು, ಗೇಮ್‌ನ ವರ್ಷನ್ ಎಷ್ಟು ಅಂತಲೂ ಬರೆಯಿರಿ. ಆ ಪ್ರಶ್ನೆ ಹಿಡಿದುಕೊಂಡು ನಾನು ಪ್ರೋಗ್ರಾಮರ್ ಕೂತ ಟೇಬಲ್ ತನಕ ಹೋಗಬಹುದು.